ಸಮುದ್ರದ ವ್ರತ

ಉಮಾಶಂಕರನ ಬಾಯಲ್ಲಿ ಕೇಳಿದರೆ ಸೇಷೆಲ್ಸ್‌ನಂಥ ಬೇಜಾರಿನ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ. ಅವನು ಕೆಲಸ ಮಾಡುವ ಔಷಧಿ ಕಾರ್ಖಾನೆ ನೈರೋಬಿಯ ಎಂಬಕಸಿ ಬಡಾವಣೆಯಲ್ಲಿದೆ. ಪ್ರತಿ ಈಸ್ಟರ್ ರಜೆಗೆ ಮಾಲೀಕರು ತಮ್ಮ ಮ್ಯಾನೇಜರುಗಳನ್ನು ಒಂದು ವಾರ ಆ ದ್ವೀಪಗಳಿಗೆ ಕರೆದೊಯ್ಯುತ್ತಿದ್ದರು. ಮೂರು ವರ್ಷ ಹೋಗಿ ಬಂದ ಉಮಾಶಂಕರ ಮೂರು ವರ್ಷವೂ ಹೆಂಡತಿಯ ಮುಂದೆ ಒಂದೇ ರಾಗ ಹಾಡಿದ. ಬೆಳಗಾದರೆ ಏಸಿ ಹಾಲ್‌ನೊಳಗೆ ಕೂಡಿಹಾಕುತ್ತಾರೆ, ಸಂಜೆಯವರೆಗೆ ಸ್ಲೈಡು ತೋರಿಸುತ್ತಾರೆ, ಊಟಕ್ಕೆ ಉಪ್ಪಿಲ್ಲ ಖಾರವಿಲ್ಲ, ಸಮುದ್ರ ಅನ್ನುವುದು ಕಿಟಕಿಯಾಚೆ ಎಲ್ಲೋ ಇದೆ. "ಹೆಂಡ್ತೀರ್ನ ಅಲೋ ಮಾಡಲ್ಲ ಕಣೆ, ಪ್ಯೂರ್ ಆಫೀಸ್ ಕೆಲಸ. ನೀನು ಬಂದಿದ್ರೂ ಬೋರ್ ಹೊಡೀತಿತ್ತು" ಅನ್ನುತ್ತಿದ್ದ.

ಗಿರಿಜಾ ನಂಬಿದಳು. ಪ್ರತಿ ಸಲ ಅವನ ಬೆನ್ನು ಸುಟ್ಟು ಕೆಂಪಾಗಿರುತ್ತಿತ್ತು. ಗ್ರೂಪ್ ಫೋಟೊಗೆ ಬಿಸಿಲಲ್ಲಿ ನಿಲ್ಲಿಸಿದರು ಅಂದ. ಅವಳು ಬಟ್ಟೆಯನ್ನು ಮಜ್ಜಿಗೆಯಲ್ಲಿ ಅದ್ದಿ ಆ ಬೆನ್ನಿಗೆ ಹಾಕಿದಳು, ಪಾಪ ನಮ್ಮನೆಯವರು ಎಂದು ಮರುಗಿದಳು. ಗ್ರೂಪ್ ಫೋಟೊಗೆ ಅಂಗಿ ಬಿಚ್ಚಿ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಲ್ಲುವ ಕಂಪನಿ ಯಾವ ಲೋಕದಲ್ಲಿದೆ ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಇವಳು ಲೋಟ ತೊಳೆದಿಡುತ್ತಿದ್ದಳು.

ಗಿರಿಜಾ ಅರಸೀಕೆರೆಯ ಕಡೆಯವಳು. ನೈರೋಬಿಗೆ ಬಂದು ಐದು ವರ್ಷವಾದರೂ ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ. ಊರಿನಿಂದ ಬರುವಾಗ ಅದರ ಮೇಲೆಯೇ ಹಾರಿ ಬಂದಳು, ಆದರೆ ಕಿಟಕಿಯ ಸೀಟು ಗಂಡನದು. ಕರಾವಳಿಯ ಮೊಂಬಾಸಾಗೆ ಹೋಗೋಣ ಅಂದಾಗಲೆಲ್ಲ ಅವನು ಮಲೇರಿಯಾ ಅಂದ, ಮಳೆ ಅಂದ, ರೈಲಿನಲ್ಲಿ ಸೀಟಿಲ್ಲ ಅಂದ. ದೊಡ್ಡ ಆಸೆಗಳು ಒಂದೊಂದಾಗಿ ಉದುರಿ ಅವಳಲ್ಲಿ ಈ ಚಿಕ್ಕದೊಂದು ಉಳಿದಿತ್ತು. ಮರಳಿನಲ್ಲಿ ನಿಂತು ಕಾಲಿನ ಮೇಲೆ ಅಲೆ ಬರಿಸಿಕೊಳ್ಳಬೇಕು, ಪಕ್ಕದಲ್ಲಿ ಗಂಡ ಇರಬೇಕು, ಅಷ್ಟೇ.

ಮಕ್ಕಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಬಸಿರು ನಿಂತು ಐದನೇ ತಿಂಗಳಿಗೆ ಹೋಗಿಬಿಟ್ಟಿತು. ಆಮೇಲೆ ಮತ್ತೆ ನಿಲ್ಲಲಿಲ್ಲ. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತದೇ ಇರುವುದೇ ಗಂಡ ತನಗೆ ತೋರಿಸುವ ಮರ್ಯಾದೆ ಎಂದು ಅವಳು ತಿಳಿದಿದ್ದಳು.

ಒಂದು ಸಂಗತಿ ಮಾತ್ರ ಅವಳಿಗೆ ಬಿಡಿಸಲಾಗದ ಒಗಟಾಗಿತ್ತು. ಪ್ರವಾಸ ಮುಗಿದ ಮೇಲೆ ಮಾಲೀಕರ ಹೆಂಡತಿ ಮಧುಕಾಂತಾಬೆನ್ ಡ್ರೈವರನ ಕೈಯಲ್ಲಿ ಅವಳಿಗೊಂದು ಉಡುಗೊರೆ ಕಳಿಸುತ್ತಿದ್ದರು. ಪ್ರತಿ ವರ್ಷವೂ ಅದೇ, ಆ ದ್ವೀಪಗಳಲ್ಲಿ ಮಾತ್ರ ಬೆಳೆಯುವ ಜೋಡಿ ತೆಂಗಿನಕಾಯಿಯ ಬೊಂಬೆ. ನೋಡಿದರೆ ಹೆಣ್ಣಿನ ಸೊಂಟದಿಂದ ತೊಡೆಯವರೆಗಿನ ಆಕಾರ, ನಾಚಿಕೆಯಾಗುವಷ್ಟು ಸ್ಪಷ್ಟ. ಒಂದು ವರ್ಷ ಫ್ರಿಜ್ಜಿಗೆ ಅಂಟಿಸುವಂಥದ್ದು ಬಂತು, ಇನ್ನೊಂದು ವರ್ಷ ಮರದ್ದು, ಮತ್ತೊಂದು ವರ್ಷ ಹಿತ್ತಾಳೆಯದು. ದೊಡ್ಡವರ ರುಚಿ ಹೀಗಿರಬಹುದು ಎಂದುಕೊಂಡು ಹಿತ್ತಾಳೆಯದಕ್ಕೆ ಮನೆಯ ಬೀಗದ ಕೈ ತೂಗುಹಾಕಿದಳು. ದೀಪಾವಳಿ ಪೂಜೆಗೆ ಮುಥೈಗಾದಲ್ಲಿರುವ ಮಾಲೀಕರ ಬಂಗಲೆಗೆ ಹೋದರೆ ಮಧುಕಾಂತಾಬೆನ್ ಬೇರೆ ಯಾರಿಗೂ ಮಾಡದಂತೆ ಇವಳ ಎರಡೂ ಕೈ ಹಿಡಿದು ಕಣ್ಣು ತುಂಬಿಕೊಳ್ಳುತ್ತಿದ್ದರು. ನಮ್ಮನೆಯವರಿಗೆ ಕಂಪನಿಯಲ್ಲಿ ಎಷ್ಟು ಬೆಲೆ ಇದೆ ಎಂದು ಗಿರಿಜಾ ಹಿಗ್ಗುತ್ತಿದ್ದಳು.

ಈ ವರ್ಷ ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೆ ಮ್ಯಾನೇಜರಾಗಿ ಮೈಸೂರಿನಿಂದ ಸುಜಯ್ ಅನ್ನುವ ಹುಡುಗ ಬಂದ. ಪಂಗಾನಿಯಲ್ಲಿ ಇವರಿದ್ದ ಅಪಾರ್ಟ್‌ಮೆಂಟಿನಲ್ಲೇ ಮೇಲಿನ ಮನೆ ಹಿಡಿದ. ಅವನ ಹೆಂಡತಿ ಜಾಹ್ನವಿ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕೆಳಗಿಳಿದು ಬಂದಳು.

"ಗಿರಿಜಕ್ಕ, ನಿಮ್ಮತ್ರ ದೊಡ್ಡ ಟ್ರಾಲಿ ಬ್ಯಾಗ್ ಇದ್ಯಾ? ಸೇಷೆಲ್ಸ್‌ಗೆ ಒಂದ್ ವಾರ ಬೇಕಿತ್ತು. ಹೇಗೂ ನೀವು ಯೂಸ್ ಮಾಡಲ್ವಲ್ಲ."

"ಹೆಂಡ್ತೀರೂ ಹೋಗ್ತಾರಾ?" ಅಂದಳು ಗಿರಿಜಾ.

"ಹೂಂ, ಕಪಲ್ಸ್ ಟ್ರಿಪ್ ಅಲ್ವಾ." ಜಾಹ್ನವಿ ನಾಲಿಗೆ ಕಚ್ಚಿಕೊಂಡಳು. "ಸಾರಿ ಅಕ್ಕ. ನಿಮ್ಮ ವ್ರತದ ವಿಷ್ಯ ಸುಜಯ್ ಹೇಳಿದ್ರು. ಲೇಡೀಸ್ ಎಲ್ಲ ನಿಮ್ಮನ್ನ ಎಷ್ಟು ರೆಸ್ಪೆಕ್ಟ್ ಮಾಡ್ತಾರೆ ಗೊತ್ತಾ? ಮಗು ಆಗೋವರ್ಗೂ ಸಮುದ್ರದ ಮುಖ ನೋಡಲ್ಲ ಅನ್ನೋದು ಸುಮ್ನೆ ಮಾತಾ? ಇಂಡಿಯಾದಿಂದ ಬರೋವಾಗ್ಲೂ ಫ್ಲೈಟಿನ ಶಟರ್ ಮುಚ್ಕೊಂಡೇ ಬಂದ್ರಂತೆ. ಉಮಾಶಂಕರ್ ಸರ್ ಹೇಳ್ತಾ ಹೇಳ್ತಾ ಎಮೋಷನಲ್ ಆಗ್ಬಿಟ್ರಂತೆ."

ಗಿರಿಜಾಗೆ ಮೊದಲು ಇದು ಬೇರೆ ಯಾರದೋ ಮನೆಯ ಸುದ್ದಿ ಅನ್ನಿಸಿತು. ಆಮೇಲೆ ಮಧುಕಾಂತಾಬೆನ್‌ರ ತುಂಬಿದ ಕಣ್ಣು, ಮಗುವಾಗಲೆಂದು ಕಳಿಸುತ್ತಿದ್ದ ಜೋಡಿ ತೆಂಗಿನಕಾಯಿ, ಪೂಜೆಯಲ್ಲಿ ಹೆಂಗಸರು ತನ್ನ ಹೊಟ್ಟೆಯ ಕಡೆ ಕದ್ದು ನೋಡುತ್ತಿದ್ದದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು. ಮೈ ಉರಿದುಹೋಯಿತು. ಊರೆಲ್ಲ ಅವಳ ಖಾಲಿ ಹೊಟ್ಟೆಯ ಕತೆ ಹೇಳಿಕೊಂಡು ತಿರುಗಿತ್ತು, ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಆದರೂ ಅವಳು ಬ್ಯಾಗು ತಂದುಕೊಟ್ಟಳು, ಕಾಫಿ ಕೊಟ್ಟಳು, "ನಮಗಂತೂ ಯೋಗ ಇಲ್ಲ. ಏನೇನು ನೋಡ್ತೀರ ನೀನೇ ಹೇಳಮ್ಮ" ಅಂದಳು.

ಜಾಹ್ನವಿಗೆ ಅಷ್ಟೇ ಬೇಕಾಗಿತ್ತು. ಮಾಹೆ ಅನ್ನುವ ದೊಡ್ಡ ದ್ವೀಪದಲ್ಲಿ ಇಳಿಯುತ್ತಾರಂತೆ. ಅಲ್ಲಿಂದ ದೋಣಿಯಲ್ಲಿ ಪ್ರಾಲೀನ್. ಅಲ್ಲಿಯ ಕಾಡಿನಲ್ಲಿ ಆ ಜೋಡಿ ತೆಂಗು, ನೆರಳಿನಲ್ಲಿ ಸುಮ್ಮನೆ ನಡೆಯುವುದು, ಕಪ್ಪು ಗಿಳಿ ಕೂಗುವುದನ್ನು ಕೇಳುವುದು. ಆಮೇಲೆ ಲಾ ಡೀಗ್ ಅನ್ನುವ ಪುಟ್ಟ ದ್ವೀಪ, ಕಾರುಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಎಲ್ಲರೂ ಸೈಕಲ್ ಹೊಡೆಯುವುದು. ದೊಡ್ಡ ದೊಡ್ಡ ಬಂಡೆಗಳ ನಡುವೆ ಮೊಣಕಾಲುದ್ದ ನೀರು, ಅದರಲ್ಲಿ ಕೂತರೆ ಮೀನು ಬಂದು ಕಾಲು ಮುಟ್ಟುತ್ತವೆ. ನೂರು ವರ್ಷ ದಾಟಿದ ಆಮೆಗಳ ಕುತ್ತಿಗೆ ಕೆರೆದರೆ ಅವು ಸುಖಕ್ಕೆ ಕತ್ತು ಚಾಚಿ ನಿಲ್ಲುತ್ತವೆ. "ಏನೂ ಮಾಡೋಕೆ ಇಲ್ಲ ಅಕ್ಕ, ಫುಲ್ ರಿಲ್ಯಾಕ್ಸ್. ನೋಡಿ, ಹೋದ್ವರ್ಷದ ಫೋಟೊಸು, ಲೇಡೀಸ್ ಗ್ರೂಪಲ್ಲಿ ಹಾಕಿದ್ರು" ಎಂದು ಫೋನು ಕೊಟ್ಟಳು.

ಫೋಟೊದಲ್ಲಿ ಉಮಾಶಂಕರ ಎರಡು ತೆಂಗಿನ ಮರದ ನಡುವಿನ ಜೋಲಿಯಲ್ಲಿ ಮಲಗಿದ್ದ. ಇನ್ನೊಂದರಲ್ಲಿ ಕಣ್ಣಿಗೆ ಗಾಜು, ಬಾಯಿಗೆ ನಳಿಗೆ ಕಟ್ಟಿಕೊಂಡು ನೀರಿನಿಂದ ಏಳುತ್ತಿದ್ದ. ಮತ್ತೊಂದರಲ್ಲಿ ಸೈಕಲ್ಲಿನ ಮೇಲೆ ಎರಡೂ ಕೈ ಬಿಟ್ಟು ಬಾಯಿ ತುಂಬ ನಗುತ್ತಿದ್ದ. ಜೊತೆಗೆ ಹೆಣ್ಣು ಯಾರಾದರೂ ಇದ್ದಾರೆಯೇ ಎಂದು ಗಿರಿಜಾ ಹುಡುಕಿದಳು. ಯಾರೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಆ ನಗುವನ್ನು ಅವಳು ಮದುವೆಯಾದ ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಸಂಜೆ ಗಂಡ ಬಂದು ಶೂ ಬಿಚ್ಚುವ ಮೊದಲೇ ಕೇಳಿದಳು. ಅವನು ಮೊದಲು ಇಲ್ಲ ಅಂದ. ಆಮೇಲೆ ಅದು ಹಾಗಲ್ಲ ಅಂದ. ಕೊನೆಗೆ ಸಿಟ್ಟು ಮಾಡಿಕೊಂಡ, ಕಳ್ಳತನ ಸಿಕ್ಕಿಬಿದ್ದಾಗ ಗಂಡಸಿಗೆ ಒದಗುವ ಸಿಟ್ಟು ಅದು.

"ಏನ್ ಹೇಳ್ಬೇಕಿತ್ತು ಮತ್ತೆ? ಮೊದಲ್ನೇ ದೀಪಾವಳಿಲಿ ಮುಥೈಗಾದಲ್ಲಿ ನೀನು ಮಾಡಿದ್ದು ನೆನಪಿದ್ಯಾ? ನಮ್ಮನೆಯವರಿಗೆ ಹಲ್ಲಿ ಕಂಡ್ರೆ ಭಯ, ಸ್ನಾನಕ್ಕೆ ಹೋದ್ರೆ ಬಾಗಿಲಾಚೆ ನಾನು ಕಾವಲು ನಿಲ್ಬೇಕು ಅಂತ ಓನರ್ ಮುಂದೆ ಹೇಳಿ ನಗಾಡ್ದೆ. ಈಗ್ಲೂ ಸ್ಟೋರಿನವರು ಹಿಂದಿಂದ ನನ್ನ ಗೆಕೋ, ಹಲ್ಲಿ ಅಂತಾರೆ."

"ಅದಕ್ಕೆ ನನ್ನ ಬಂಜೆ ಅಂತ ಸಾರ್ಕೊಂಡು ಬಂದ್ರಾ?"

"ಬಂಜೆ ಅಂತ ಯಾರು ಅಂದ್ರು? ವ್ರತ ಅಂದೆ. ಮಧುಬೆನ್ ವರ್ಷವೆಲ್ಲ ಉಪವಾಸ ಮಾಡೋ ಜೈನರು, ವ್ರತ ಅಂದ್ರೆ ಎದುರು ಮಾತಿಲ್ಲ. ಬೇರೆ ನೆಪ ಹೇಳಿದ್ರೆ ಬಿಡ್ತಿರ್ಲಿಲ್ಲ." ಅವನು ಸೋಫಾದಲ್ಲಿ ಕುಸಿದು ಕೂತ. ಆಮೇಲೆ ದನಿ ಇಳಿಸಿ, ನಿಜ ಹೇಳುವ ಹುಮ್ಮಸ್ಸಿನಲ್ಲಿ, ಹೇಳಬಾರದ್ದನ್ನು ಹೇಳಿದ. "ವರ್ಷಕ್ಕೆ ಒಂದೇ ಒಂದ್ ವಾರ ಆರಾಮಾಗಿ ಇರ್ಬೇಕು ಅನ್ಸುತ್ತೆ ಗಿರಿಜಾ. ನೀನಿದ್ರೆ ಆಗಲ್ಲ."

ಅವಳು ಎಲ್ಲ ಮಾನ ಬಿಟ್ಟು ಕೇಳಿದಳು, "ಈ ಸಲ ಕರ್ಕೊಂಡು ಹೋಗಿ. ಬಾಯಿ ಬಿಡಲ್ಲ. ವ್ರತ ಮುಗೀತು ಅನ್ನಿ."

"ಮಗು ಇಲ್ದೆ ಹೇಗೆ ಮುಗಿಯುತ್ತೆ? ಈಸ್ಟರ್ ಆದ್ಮೇಲೆ ಪ್ಲಾಂಟ್ ಹೆಡ್ ಯಾರು ಅಂತ ಡಿಸೈಡ್ ಆಗುತ್ತೆ. ಈಗ ಗಲಾಟೆ ಮಾಡ್ಬೇಡ" ಎಂದು ಅವನು ಟಿವಿ ಹಾಕಿದ.

ಅಲ್ಲಿಗೆ ಮುಗಿಯಿತು ಅಂದುಕೊಂಡ ಉಮಾಶಂಕರ. ಮಧುಕಾಂತಾಬೆನ್‌ರ ಭಕ್ತಿ ಎಷ್ಟು ದೂರ ನಡೆಯಬಲ್ಲದು ಎಂಬ ಅಂದಾಜು ಮಾತ್ರ ಅವನಿಗೆ ತಪ್ಪಿತ್ತು.

ಪ್ರಯಾಣಕ್ಕೆ ಒಂದು ವಾರ ಮುಂಚೆ ಮುಥೈಗಾದ ಬಂಗಲೆಯಲ್ಲಿ ಹೊರಡುವವರಿಗೆಲ್ಲ ಊಟ ಇರುತ್ತಿತ್ತು. ಈ ಸಲ ಗಿರಿಜಾಳೂ ಬರಲೇಬೇಕು ಎಂದು ಕರೆ ಬಂತು. ಊಟ ಮುಗಿದ ಮೇಲೆ ಹೆಂಗಸರು ಗಂಡಸರು ಎಲ್ಲ ವರಾಂಡದಲ್ಲಿ ಕೂತಿದ್ದಾಗ ಮಧುಕಾಂತಾಬೆನ್ ಗಿರಿಜಾಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವರ ಮಾತು ಹಿಂದಿಯಲ್ಲಿ.

"ಬೇಟಿ, ನಾನು ನಮ್ಮ ಗುರುಗಳನ್ನು ಕೇಳಿದೆ. ನಿನ್ನ ಊರಿನ ಭಟ್ಟರ ಪದ್ಧತಿ ಗೊತ್ತಿರುವವರನ್ನೂ ವಿಚಾರಿಸಿದೆ. ಇಷ್ಟು ವರ್ಷ ನಡೆಸಿದ ವ್ರತಕ್ಕೆ ಉದ್ಯಾಪನೆ ಮಾಡಬಹುದಂತೆ. ಫಲ ಬರುವವರೆಗೆ ಕಾಯಬೇಕಿಲ್ಲ. ಗಂಡ ಹೆಂಡತಿ ಕೈ ಹಿಡಿದು ಸಮುದ್ರಸ್ನಾನ ಮಾಡಿದರೆ ವ್ರತ ಪೂರ್ಣ. ನಿನ್ನ ಟಿಕೆಟ್ ಮಾಡಿಸಿದ್ದೇನೆ. ಅಲ್ಲಿ ನಾವೆಲ್ಲ ಇರುತ್ತೇವೆ. ಆ ಜೋಡಿ ತೆಂಗಿನ ವನಕ್ಕೆ ನಾನೇ ಕರೆದುಕೊಂಡು ಹೋಗಿ ನಿನ್ನ ಕೈಯಿಂದ ಮುಟ್ಟಿಸುತ್ತೇನೆ."

ವರಾಂಡದಲ್ಲಿ ಎಲ್ಲರ ಮುಖ ಅರಳಿತು. ಜಾಹ್ನವಿ ಕಣ್ಣೊರೆಸಿಕೊಂಡಳು. ಉಮಾಶಂಕರನ ಮುಖ ಒಮ್ಮೆ ಬಿಳಿಚಿತು, ಆಮೇಲೆ ಅವನು ಸುಧಾರಿಸಿಕೊಂಡ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ, ಸುಳ್ಳು ತಾನಾಗಿ ದಡ ಸೇರುತ್ತದೆ. ಹೆಂಡತಿಯ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ನೀನು ಕೇಳಿದ್ದು ಸಿಕ್ಕಿತಲ್ಲ, ಹೂಂ ಅನ್ನು, ಎಂದಿತ್ತು ಆ ನೋಟ.

ಹೂಂ ಅನ್ನಬಹುದಿತ್ತು. ಒಂದೇ ಅಕ್ಷರ. ಮುಂದಿನ ವಾರ ಕಾಲಿನ ಮೇಲೆ ಅಲೆ ಬರುತ್ತಿತ್ತು, ಪಕ್ಕದಲ್ಲಿ ಗಂಡ ನಿಲ್ಲುತ್ತಿದ್ದ. ಅವಳ ಆಸೆ ಅಕ್ಷರಶಃ ಹಾಗೇ ಇತ್ತು. ಆದರೆ ದಡದಲ್ಲಿ ಅಷ್ಟೂ ಹೆಂಗಸರು ಇವಳ ಒದ್ದೆ ಸೀರೆಯೊಳಗಿನ ಹೊಟ್ಟೆ ನೋಡಿಕೊಂಡು ಕೈಮುಗಿದು ನಿಲ್ಲುತ್ತಿದ್ದರು. ಅವಳ ಕೈ ಹಿಡಿದ ಗಂಡ ಇವಳು ಯಾವಾಗ ಬಿಡುತ್ತಾಳೆ ಎಂದು ಎಣಿಸುತ್ತಿದ್ದ. ಆ ವಾರವನ್ನೂ ಹಾಳುಮಾಡಿದಳು ಎಂದು ಜೀವನಪೂರ್ತಿ ಮುಖ ಗಂಟಿಕ್ಕುತ್ತಿದ್ದ. ಗಿರಿಜಾಗೆ ಸಮುದ್ರ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವನಿಗೆ ನೋವಾಗುವುದು ಬೇಕಾಗಿತ್ತು. ಇದು ಅವಳಿಗೇ ಆ ಗಳಿಗೆಯಲ್ಲಿ ಗೊತ್ತಾದದ್ದು.

"ಆಗಲ್ಲ ಮಧುಬೆನ್" ಅಂದಳು ತನ್ನ ಮುರುಕು ಹಿಂದಿಯಲ್ಲಿ. "ವ್ರತ ಪೂರ್ಣ ಮಾಡೋಕೆ ಇಬ್ಬರೂ ನಡೆಸಿರಬೇಕು. ನಾನು ನನ್ನ ಪಾಲು ನಡೆಸಿದ್ದೀನಿ. ಇವರೂ ನಡೆಸಿದ್ದಾರೆ ಅಂದ್ಕೊಂಡಿದ್ದೆ."

"ಇವರದೇನು ಪಾಲು?" ಅಂದರು ಮಧುಕಾಂತಾಬೆನ್.

"ಇವರು ಹೇಳಲಿಲ್ವಾ? ಇದು ದಂಪತಿ ವ್ರತ. ಹೆಂಡತಿ ಸಮುದ್ರ ನೋಡಬಾರದು, ಗಂಡ ಸಮುದ್ರದ ನೀರು ಮೈಗೆ ಸೋಕಿಸಬಾರದು. ಸೋಕಿಸಿದರೆ ಹೊಟ್ಟೆಯಲ್ಲಿ ಕೂಸು ನಿಲ್ಲಲ್ಲ. ಅಲ್ಲಿ ಏನು ಮಾಡ್ತೀರಿ ಅಂತ ಪ್ರತಿ ವರ್ಷ ಕೇಳ್ತಿದ್ದೆ. ಹಾಲ್‌ನಿಂದ ಆಚೆ ಬರಲೇ ಇಲ್ಲ, ಸಮುದ್ರ ದೂರ ಇತ್ತು ಅಂತ ಹೇಳ್ತಿದ್ರು. ನಾನು ನಂಬಿದೆ. ಮೊನ್ನೆ ಜಾಹ್ನವಿ ಫೋಟೊ ತೋರಿಸಿದಳು."

ಅವಳು ಅಳುವ ನಾಟಕ ಆಡಬೇಕೆಂದಿದ್ದಳು. ಬೇಕಾಗಲಿಲ್ಲ, ಅಳು ನಿಜವಾಗಿಯೇ ಬಂತು. ಹಳೆಯ ಬಸಿರಿನ ನೆನಪು ಕರೆಯದೆ ಬಂದು ಎದುರು ನಿಂತಿತು. ಕೂಸಿನ ಹೆಸರನ್ನು ಈ ಸುಳ್ಳಿಗೆ ತಾನೂ ಎಳೆದು ತಂದೆನಲ್ಲ ಎಂದು ಒಂದು ಕ್ಷಣ ಅಸಹ್ಯವಾಯಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ಫೋಟೊಗಳು ಅಲ್ಲಿದ್ದ ಎಲ್ಲರ ಫೋನಿನಲ್ಲೂ ಇದ್ದವು. ನೀರಿನಿಂದ ಏಳುವ ಉಮಾಶಂಕರನನ್ನು ತೆಗೆದದ್ದೇ ಮಾಲೀಕರ ಮಗ.

"ಉಮಾಶಂಕರಭಾಯಿ" ಅಂದರು ಮಧುಕಾಂತಾಬೆನ್, "ಇವಳು ಹೇಳುವುದು ನಿಜವೇ?"

ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಇಂಥ ವ್ರತವೇ ಇಲ್ಲ ಅನ್ನಬೇಕಾದರೆ ಮೂರು ವರ್ಷ ಮಾಲೀಕರ ಹೆಂಡತಿಯ ಕಣ್ಣೀರಿನಲ್ಲಿ ಕೈ ತೊಳೆದೆ ಎಂದು ಒಪ್ಪಬೇಕು. ನಿಜ ಅನ್ನಬೇಕಾದರೆ ತನ್ನ ಕೂಸನ್ನು ತಾನೇ ನೀರಿಗೆ ಬಿಟ್ಟವನಾಗಬೇಕು. ಅವನು ಗಿರಿಜಾಳನ್ನು ನೋಡಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು, ಇವನ ಕಡೆ ತಿರುಗಲಿಲ್ಲ.

"ಅಲ್ಲಿ ಎಲ್ಲಾರೂ ನೀರಿಗಿಳಿದ್ರು" ಅಂದ. "ಮರ್ತು ಹೋಯ್ತು."

"ಮರೆತುಹೋಯಿತೇ? ಮೂರು ವರ್ಷವೂ?" ಅಂದರು ಆಕೆ. ಅಷ್ಟೇ ಕೇಳಿದ್ದು, ದನಿ ಏರಿಸಲಿಲ್ಲ. ಆದರೆ ಅಲ್ಲಿದ್ದ ಹೆಂಗಸರೆಲ್ಲ ಅವನನ್ನು ನೋಡಿದ ರೀತಿ ಇದೆಯಲ್ಲ, ಊಟದಲ್ಲಿ ಸಿಕ್ಕ ಕೂದಲನ್ನು ನೋಡುವ ಹಾಗಿತ್ತು. ಸುಜಯ್ ತನ್ನ ಕುರ್ಚಿಯನ್ನು ಇಷ್ಟು ಹಿಂದಕ್ಕೆ ಸರಿಸಿಕೊಂಡ. ಮಾಲೀಕರು ಎದ್ದು ಒಳಗೆ ಹೋದರು.

ತೀರ್ಪು ಮಧುಕಾಂತಾಬೆನ್ ಕೊಟ್ಟರು. ಮುರಿದ ವ್ರತ ಮೊದಲಿಂದ ಶುರುವಾಗಬೇಕು. ಇಬ್ಬರೂ ಒಟ್ಟಿಗೆ ನಡೆಸಬೇಕು, ಹೆಂಡತಿ ಜೊತೆಯಲ್ಲಿದ್ದು ಗಂಡನನ್ನು ಕಾಯಬೇಕು. ದೇವರು ಕಣ್ಣು ಬಿಡುವವರೆಗೆ ಇಬ್ಬರೂ ಕರಾವಳಿಯ ಕಡೆ ತಲೆ ಹಾಕಬಾರದು. ಗಿರಿಜಾಳ ತಲೆ ನೇವರಿಸಿ, "ನಿನ್ನಂಥವಳಿಗೆ ಇಂಥವನೇ" ಎಂದು ನಿಟ್ಟುಸಿರು ಬಿಟ್ಟರು. ಅಲ್ಲೇ ಕೂತು ಫೋನು ಮಾಡಿಸಿ ಎರಡೂ ಟಿಕೆಟ್ಟು ರದ್ದು ಮಾಡಿಸಿದರು.

ಮನೆಗೆ ಬರುವ ದಾರಿಯಲ್ಲಿ ಮುಂದೆ ಒಂದು ಮಟಾಟು ವ್ಯಾನು ಕಿವಿ ಕಿತ್ತುಹೋಗುವ ಹಾಡು ಹಾಕಿಕೊಂಡು ದಾರಿಗಡ್ಡ ನಿಂತಾಗಲೂ ಉಮಾಶಂಕರ ಹಾರ್ನ್ ಒತ್ತಲಿಲ್ಲ. ಮನೆಯೊಳಗೆ ಬಂದು ಬಾಗಿಲು ಹಾಕಿದ ಮೇಲೆ ಅಂದ, "ಮೂಗು ಕೊಯ್ಕೊಂಡು ನಂಗೆ ಅಪಶಕುನ ಮಾಡ್ದೆ. ನೀನೂ ಹೋಗ್ತಿದ್ದೆ. ನಿನ್ ಟಿಕೆಟ್ಟೂ ಆಗಿತ್ತು."

"ಗೊತ್ತು" ಅಂದಳು ಗಿರಿಜಾ.

ಈಸ್ಟರ್ ವಾರ ಬಂತು. ಕಾರ್ಖಾನೆ ಮುಚ್ಚಿತ್ತು. ಮ್ಯಾನೇಜರುಗಳ ತಂಡವನ್ನು ಸುಜಯ್ ನಡೆಸಿಕೊಂಡು ಹೋದ. ಪ್ಲಾಂಟ್ ಹೆಡ್ ಅವನೇ ಅಂತೆ ಎಂಬ ಸುದ್ದಿ ಅವರು ವಿಮಾನ ಹತ್ತುವ ಮೊದಲೇ ಪಂಗಾನಿ ತಲುಪಿತ್ತು. ಹೊರಗೆ ಮಳೆಗಾಲ ಶುರುವಾಗಿ ಬೀದಿಯೆಲ್ಲ ಕೆಸರು. ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತರು.

ಜಾಹ್ನವಿ ಅನುಕಂಪಕ್ಕೆ ಗಿರಿಜಾಳನ್ನು ಹೆಂಗಸರ ವಾಟ್ಸಾಪ್ ಗುಂಪಿಗೆ ಸೇರಿಸಿದ್ದಳು. ದಿನವೂ ಫೋಟೊ ಬರುತ್ತಿದ್ದವು. ಗಿರಿಜಾ ಅವನ್ನು ಕಾಫಿಯ ಜೊತೆ ಗಂಡನ ಮುಂದಿಡುತ್ತಿದ್ದಳು. "ಇವತ್ತು ಪ್ರಾಲೀನಿಗೆ ಹೋಗಿದ್ದಾರೆ ನೋಡಿ. ಗಾಜಿನ ತಳದ ದೋಣಿ. ಕೂತಲ್ಲೇ ಕೆಳಗೆ ಮೀನು ಕಾಣುತ್ತಂತೆ, ಹೌದಾ?" ಅವನು ಮುಖ ತಿರುಗಿಸಿದರೆ ಇವಳು ಆ ಕಡೆಗೆ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ಬೇಡ ಅಂದ, ಬೈದ, ಒಂದು ಸಲ ಫೋನನ್ನು ಸೋಫಾದ ಮೇಲೆ ಎಸೆದ. ಅವಳು ಎತ್ತಿಕೊಂಡು ಬಂದಳು. ಹೋಗಲು ಅವನಿಗೆ ಎಲ್ಲಿಯೂ ಜಾಗವಿರಲಿಲ್ಲ. ನೈರೋಬಿಯ ಕನ್ನಡದವರ ಮನೆಗಳಲ್ಲೆಲ್ಲ ಕೂಸಿಗಿಂತ ಈಜು ಹೆಚ್ಚಾದವನು ಎಂದು ಆಗಲೇ ಹೆಸರಾಗಿತ್ತು.

ನಾಲ್ಕನೇ ದಿನವೋ ಐದನೇ ದಿನವೋ ಅವನು ಸೋತ. ಫೋಟೊದಲ್ಲಿ ಲಾ ಡೀಗ್‌ನ ಬಂಡೆಗಳು, ಅವುಗಳ ನಡುವೆ ಹಸಿರು ಗಾಜಿನಂಥ ನೀರು.

"ನೀರು ಬೆಚ್ಚಗಿರುತ್ತಾ?" ಗಿರಿಜಾ ಕೇಳಿದಳು.

"ಸಾಕು ಗಿರಿಜಾ."

"ಹೇಳಿ. ನಾನು ನೋಡಿಲ್ಲವಲ್ಲ."

ಅವನು ಹೇಳತೊಡಗಿದ. ಬೆಚ್ಚಗಿರುತ್ತೆ ಅಂದ. ಬೆಳಗ್ಗೆ ಯಾರೂ ಏಳುವ ಮುಂಚೆ ಸೈಕಲ್ ತಗೊಂಡು ಹೋಗ್ತಿದ್ದೆ ಅಂದ. ಅಂಗಾತ ಮಲಗಿದರೆ ನೀರೇ ಎತ್ತಿ ಹಿಡಿಯುತ್ತೆ, ಕಿವಿ ಮುಳುಗಿದ ಮೇಲೆ ಲೋಕದ ಒಂದು ಸದ್ದೂ ಕೇಳಲ್ಲ, ಯಾರೂ ಕರೆಯಲ್ಲ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಅಂದ. ಹೇಳುತ್ತ ಹೇಳುತ್ತ ಅವನ ಮುಖ ಸಡಿಲವಾಯಿತು, ಮೈ ಕುರ್ಚಿಗೆ ಒರಗಿತು. ಇಷ್ಟು ವರ್ಷದಲ್ಲಿ ಅವನು ಅವಳ ಜೊತೆ ಇಷ್ಟು ಹೊತ್ತು ಮಾತಾಡಿದ್ದೇ ಇಲ್ಲ. ಗಿರಿಜಾ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. ನೀರು ಅವಳಿಗೆ ಕಾಣುತ್ತಿತ್ತು.

"ಅಲ್ಲಿ ಯಾವಾಗ್ಲಾದ್ರೂ ನನ್ನ ನೆನಪಾಗ್ತಿತ್ತಾ?" ಅಂದಳು.

ಉಮಾಶಂಕರ ಯೋಚಿಸಿದ. ಸುಳ್ಳು ಹೇಳಿ ಹೇಳಿ ಅವನಿಗೂ ದಣಿವಾಗಿತ್ತೋ, ಅಥವಾ ಕೈಗೆ ಸಿಕ್ಕ ಒಂದೇ ಕಲ್ಲು ಅದೆಂದು ಗೊತ್ತಿತ್ತೋ.

"ಇಲ್ಲ" ಅಂದ. "ಒಂದ್ಸಲವೂ ಇಲ್ಲ."

ಗಿರಿಜಾಳ ಲೋಟದಲ್ಲಿ ಕಾಫಿ ಆರಿ ಕೆನೆ ಕಟ್ಟಿತ್ತು. ಅವಳು ಅದನ್ನು ಕೆಳಗಿಟ್ಟು, ಫೋನಿನಲ್ಲಿ ಮುಂದಿನ ಫೋಟೊ ತೆಗೆದು ಅವನ ಮುಖದ ಮುಂದೆ ಹಿಡಿದಳು.

"ಆಮೆದು ಹೇಳಿ" ಅಂದಳು.